ಯಾರ ಪೈಕಿ?

ನವೆಂಬರ್ ೧೭, ಸೋಮವಾರ

ಕೆಲಸದ ಮೇಲೆ ಶಾಲೆಗೆ ಹೋದ ಮೊದಲ ದಿನ. ಅಲ್ಲಿ ಇಡೀ ದಿನ ಒಂದು ಮಾತೂ ಆಡದೆ ಮುಗಿಸಿದ್ದೇ ಇಂದಿನ ಸಾಧನೆ.

ಎಂ.ಎ.ಯಲ್ಲಿ ಹಳಗನ್ನಡ ಓದಿದ ನನಗೆ ಮೂರು ತಿಂಗಳ ಮಟ್ಟಿಗೆ ಸಿಕ್ಕಿರುವುದು 'ಹದಿಹರೆಯದವರಿಗೆ ಅಂತರ್ಜಾಲ ಸುರಕ್ಷತೆ' ಎಂಬ ಕೆಲಸ. ಸಣ್ಣ ಸಂಸ್ಥೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಆಫೀಸು. ತಿಕೋಟಾ, ಬಬಲೇಶ್ವರ ಕಡೆಯ ಹೈಸ್ಕೂಲುಗಳಿಗೆ ಹೋಗಿ, ಮೊಬೈಲಿನಲ್ಲಿ ಎಚ್ಚರವಾಗಿರುವುದು ಹೇಗೆಂದು ಮಕ್ಕಳಿಗೆ ಹೇಳಬೇಕು. ಹೇಳುವವರು ಆಶಾಬಿ ಮೇಡಂ. ಗೋಡೆಯ ಮೇಲೆ ಬೀಳುವ ಚಿತ್ರಗಳನ್ನು ಒಂದೊಂದಾಗಿ ಮುಂದಕ್ಕೆ ತಳ್ಳುವವಳು ನಾನು. ಚಿತ್ರಗಳ ಕೆಳಗಿನ ಕನ್ನಡ ನನ್ನದು. ಒಂದೇ ಒಂದು ಕಾಗುಣಿತದ ತಪ್ಪಿಲ್ಲ.

ಆಶಾಬಿ ಮೇಡಂ ಮೈಕು ಕೊಟ್ಟರೆ ಪಕ್ಕಕ್ಕಿಟ್ಟು ಮಾತಾಡುವವರು. ತಿಕೋಟಾ ಶಾಲೆಯ ಕಿಟಕಿಯ ಮೇಲೆ ಕೂತಿದ್ದ ಪಾರಿವಾಳಗಳು ಅವರ 'ನಮಸ್ಕಾರ್ರೀ'ಗೇ ಹಾರಿಹೋದವು. ನಾನು ಗುಂಡಿ ಒತ್ತುತ್ತ ಕೂತೆ. ಬಹಳ ಸುಖವಾಗಿತ್ತು.

ಮರಳುವಾಗ ಬಸ್ಸಿನಲ್ಲಿ ಪಕ್ಕಕ್ಕೊಬ್ಬ ಅಜ್ಜಿ. ಮಡಿಲಲ್ಲಿ ಮೆಂತ್ಯೆ ಸೊಪ್ಪಿನ ಗಂಟು.

"ಯಾ ಊರ ಬೇ ನಿಂದು?"

"ವಿಜಾಪುರ."

"ಅದ ಗೊತ್ತಾತು. ಯಾರ ಪೈಕಿ?"

ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಯಾರ ಮನೆಯವಳು, ಯಾರ ಸಂಬಂಧಿ ಎಂದು ನಮ್ಮ ಕಡೆ ಹೊಸಬರನ್ನು ಕಂಡೊಡನೆ ಕೇಳುವ ಪ್ರಶ್ನೆ ಇದು. ಮೊದಲ ಮೆಟ್ಟಿಲು ಊರು, ಎರಡನೆಯದು ಮನೆತನ, ಮೂರನೆಯದು ಜಾತಿ. ಮೂರನೆಯ ಮೆಟ್ಟಿಲಲ್ಲಿ ಕೆಲವರ ಮುಖ ಬದಲಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ನನಗೆ ಬಸ್ಸಿನಲ್ಲಿ ಬಹಳ ನಿದ್ದೆ.

ನನ್ನ ಸ್ಟಾಪು ಬಂದಾಗ ಅಜ್ಜಿಯೇ ತಟ್ಟಿ ಎಬ್ಬಿಸಿದಳು. "ಏಳ ಯವ್ವಾ, ಊರ ಬಂತು."

ನವೆಂಬರ್ ೧೯, ಬುಧವಾರ

ಅನಾಹುತ. ನಿನ್ನೆ ತಮ್ಮ ಅಕ್ಕನ ಮಗನ ಮದುವೆಯಲ್ಲಿ ಅಡುಗೆಯವರ ಮೇಲೆ ಕೂಗಿ ಕೂಗಿ ಆಶಾಬಿ ಮೇಡಂ ಅವರ ಗಂಟಲು ಕೂತುಬಿಟ್ಟಿದೆ. ಬಾಯಿ ತೆರೆದರೆ ಬರೀ ಗಾಳಿ. ತಿಕೋಟಾದಲ್ಲಿ ಒಂಬತ್ತು, ಹತ್ತನೆಯ ತರಗತಿಯವರೆಲ್ಲ ಕೂತಾಗಿತ್ತು. ಮೇಡಂ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ದಬ್ಬಿದರು.

ನಾನು ಗೋಡೆಯ ಕಡೆ ತಿರುಗಿ, ನಾನೇ ಬರೆದಿದ್ದನ್ನು ನಾನೇ ಓದಿದೆ. "ಅಪರಿಚಿತ ವ್ಯಕ್ತಿಗಳೊಂದಿಗೆ ವೈಯಕ್ತಿಕ ಮಾಹಿತಿಯನ್ನು ಹಂಚಿಕೊಳ್ಳತಕ್ಕದ್ದಲ್ಲ."

ಸಿದ್ದರಾಮ ಎಂಬ ಹುಡುಗ ಎದ್ದು ನಿಂತ. "ಮೇಡಮ್ರೀ, ಅಪರಿಚಿತ ಅಂದ್ರ?"

"ಪರಿಚಯ ಇಲ್ಲದವರು."

"ದಿನಾ ಚಾಟ್ ಮಾಡಿದ್ರ ಪರಿಚಯ ಆಕ್ಕೈತಲ್ರಿ? ಆವಾಗ ಹಂಚಿಕೊಳ್ಳತಕ್ಕದ್ದೇನ್ರಿ?"

ಇಡೀ ತರಗತಿ ನಕ್ಕಿತು. ನಾನು ಮುಂದಿನ ಚಿತ್ರಕ್ಕೆಂದು ಗುಂಡಿ ಒತ್ತಿದೆ. ಅವಸರದಲ್ಲಿ ಸಿಕ್ಕಾಪಟ್ಟೆ ಒತ್ತಿಬಿಟ್ಟೆ. ಗೋಡೆಯ ಮೇಲೆ 'ಧನ್ಯವಾದಗಳು' ಎಂದು ಬಂತು. ಮಕ್ಕಳು ಚಪ್ಪಾಳೆ ಹೊಡೆದು ಊಟಕ್ಕೆ ಎದ್ದರು.

ಆಶಾಬಿ ಮೇಡಂ ಸ್ಕೂಟಿ ಹತ್ತುವಾಗ ನನ್ನ ಕಿವಿಯಲ್ಲಿ ಉಸುರಿದರು: "ನಿನ್ನ ಕನ್ನಡ ಭಾಳ ಛಲೋ ಐತಿ ಬೇಟಿ. ಖರೇ, ಅದು ಯಾರ ಜೋಡಿ ಮಾತಾಡಾಕತ್ತೈತಿ?"

ನವೆಂಬರ್ ೨೧, ಶುಕ್ರವಾರ

ಮನೆಯಲ್ಲಿದ್ದೆ. ನೀರು ಸೋಸುವ ಯಂತ್ರ ಮಾರುವವನೊಬ್ಬ ಬಂದು ಬಾಗಿಲು ಬಡಿದ. ಅವ್ವ ಚಿಲಕ ತೆಗೆಯದೆ ಕಿಟಕಿಯಲ್ಲೇ ವಿಚಾರಣೆ ಶುರು ಮಾಡಿದಳು.

"ಯಾ ಊರಪಾ?"

"ಇಂಡಿ ಕಡೇರಿ."

"ಇಂಡಿಯೊಳಗ ಯಾರ ಪೈಕಿ?"

ಅವನ ಸೋದರತ್ತೆಯನ್ನು ಕೊಟ್ಟ ಊರು, ಅವ್ವನ ಚಿಕ್ಕಪ್ಪನ ಊರು ಒಂದೇ ಎಂದು ಗೊತ್ತಾಗುವ ತನಕ ಚಿಲಕ ತೆಗೆಯಲಿಲ್ಲ. ತೆಗೆದ ಮೇಲೆ ಚಹಾ ಕೊಟ್ಟಳು. ಯಂತ್ರ ಕೊಳ್ಳಲಿಲ್ಲ.

ಒಳಗೆ ತಮ್ಮ ಕುನಾಲ ಅಂಗಾತ ಮಲಗಿ ಮೊಬೈಲು ನೋಡುತ್ತಿದ್ದ. ಅವನಿಗೆ ಅದರಲ್ಲಿ ಸಾವಿರಕ್ಕೂ ಹೆಚ್ಚು ಗೆಳೆಯರು.

"ಇಂವ ಯಾರು?" ಎಂದೆ.

"ಡೆವಿಲ್ ಬಾಯ್."

"ಯಾ ಊರು?"

"ಅಕ್ಕಾ, ಡೆವಿಲ್ ಬಾಯ್ ಅಂದ್ರ ಡೆವಿಲ್ ಬಾಯ್. ಅವಂಗ್ಯಾವ ಊರು?"

ಮುಂಬಾಗಿಲಿಗೆ ಅಷ್ಟು ದೊಡ್ಡ ಚಿಲಕ. ಈ ಮೊಬೈಲಿನ ಬಾಗಿಲಿಗೆ ಪರದೆಯೂ ಇಲ್ಲ. ನನಗೆ ಕಂಡರಾಗದ ಆ ಪ್ರಶ್ನೆಯನ್ನೇ ಸಂಜೆಯಿಂದ ಯೋಚಿಸುತ್ತಿದ್ದೇನೆ. ಅದರ ಮೂರನೆಯ ಮೆಟ್ಟಿಲು ಕಿತ್ತುಹಾಕಿದರೆ ಉಳಿದೆರಡು ಉಪಯೋಗಕ್ಕೆ ಬಂದಾವು.

ನವೆಂಬರ್ ೨೪, ಸೋಮವಾರ

ಮೇಡಂ ಗಂಟಲು ಇನ್ನೂ ಗಾಳಿ. ನಾನು ಗೋಡೆಯ ಮೇಲೆ ಏನೂ ಬಿಡಲಿಲ್ಲ. ತರಗತಿಯ ಮುಂದೆ ನಿಂತು, "ನಾ ಪಿಂಕಿ. ಬಬಲೇಶ್ವರದಾಕಿ. ನನ್ನ ಫ್ರೆಂಡ್ ಮಾಡ್ಕೋರಿ" ಎಂದೆ. ಮಕ್ಕಳು ನನ್ನನ್ನೇ ನೋಡಿದರು. "ಹಂಗ್ಯಾಕ ಸುಮ್ಮ ಕುಂತೀರಿ? ನಿಮ್ಮ ಮನಿ ಮುಂದ ಹೊಸಬಾಕಿ ಬಂದ್ರ ನಿಮ್ಮ ಆಯಿ ಏನ್ ಕೇಳ್ತಾಳ?"

"ಯಾರ ಪೈಕಿ!" ಎಂದು ಎಲ್ಲರೂ ಒಮ್ಮೆಗೇ ಕೂಗಿದರು.

ಆಮೇಲೆ ಪಿಂಕಿಯ ಗತಿ ನೋಡಬಾರದಿತ್ತು. ನಿಮ್ಮ ಸಾಲಿ ಪೀಟಿ ಸರ್ ಹೆಸರೇನು, ಸ್ಟ್ಯಾಂಡಿನ ಎದುರು ಭಜಿ ಕರಿಯೂದು ಯಾರು, ನಿಮ್ಮ ಕಾಕಾ ಎಲ್ಲಿರ್ತಾನ. ಸಿದ್ದರಾಮನಂತೂ, "ಬಬಲೇಶ್ವರದಾಗ ನಮ್ಮ ದೊಡ್ಡಮ್ಮ ಅದಾಳ್ರಿ. ಈಗ ಫೋನ್ ಹಚ್ಚಿ ಕೇಳ್ಲೇನ್ರಿ?" ಎಂದ. ಪಿಂಕಿ ಓಡಿಹೋದಳು.

"ಜಾತಿ ಕೇಳ್ರಿ ಅಂತ ಹೇಳಾಕತ್ತಿಲ್ಲ," ಎಂದೆ. ಇದನ್ನು ಎರಡು ಸಲ ಹೇಳಿದೆ. "ನಾ ಕಣ್ಣಾರೆ ನೋಡಿದವರು ಯಾರಾದ್ರೂ ನಿನ್ನನ್ನ ಕಣ್ಣಾರೆ ನೋಡ್ಯಾರೇನು? ಕೇಳೂದು ಅಷ್ಟ. ಒಬ್ಬರೂ ಇಲ್ಲಂದ್ರ ಆಕಿ ಅಪರಿಚಿತ. ವರ್ಷಾನಗಟ್ಟಲೆ ಮಾತಾಡಿದ್ರೂ ಅಪರಿಚಿತ."

ಆಶಾಬಿ ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: 'ಗುರ್ತಿನವರ ಆಗಿರಲಿ, ಯಾರಿಗೂ ಹೇಳಬ್ಯಾಡ ಅಂದ್ರ, ಮೊದಲು ಹೇಳು.' ಅದರ ಕೆಳಗೆ ಮಕ್ಕಳ ಸಹಾಯವಾಣಿ, ೧೦೯೮.

ಇವತ್ತೂ ನಾನು ಹೆಚ್ಚು ಮಾತಾಡಲಿಲ್ಲ. ಮಕ್ಕಳೇ ಮಾತಾಡಿದರು. ಊಟದ ಗಂಟೆ ಹೊಡೆದದ್ದು ನನಗೆ ಕೇಳಲಿಲ್ಲವೆಂದು ಮೇಡಂ ಸನ್ನೆ ಮಾಡಿ ನಗುತ್ತಾರೆ. ಆ ಶಾಲೆಯ ಗಂಟೆಯ ದನಿಯೇ ಸಣ್ಣದು.

ನವೆಂಬರ್ ೨೬, ಬುಧವಾರ

ಎರಡನೇ ಬೆಂಚಿನ ತುದಿಗೆ ಕೂರುವ ಹುಡುಗಿ ವಿಜಯಲಕ್ಷ್ಮೀ. ಹತ್ತನೆಯ ತರಗತಿ. ಕಳ್ಳಕವಟಗಿಯಿಂದ ಬಸ್ಸಿಗೆ ಬರುತ್ತಾಳೆ. ಪ್ರಶ್ನೆ ಕೇಳುವುದಿಲ್ಲ, ಕೇಳಿದರೆ ನೆಲ ನೋಡುತ್ತಾಳೆ. ಹಾಗಾಗಿ ಮೊದಲ ದಿನದಿಂದ ನನಗೆ ಗುರುತು. ಇಂದು ಶಾಲೆಯ ನಳದ ಹತ್ತಿರ ನಾನು ಬಾಟಲಿ ತುಂಬುವಾಗ ಬಂದು ನಿಂತಳು.

"ಮೇಡಂ, ಒಬ್ಬಾಕಿಗೆ ಯಾರ ಪೈಕಿ ಅಂತ ಕೇಳಿದ್ನಿರಿ. ಮೊಬೈಲಿನ್ಯಾಗ."

"ಭೇಷ್! ಏನಂದ್ಲು?"

"'ನಮ್ಮಣ್ಣಂದು, ಬ್ಲ್ಯಾಕ್ ಕಲರ್' ಅಂದ್ಲರಿ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ನನ್ನ ನಗೆ ಅಲ್ಲಿಗೇ ನಿಂತಿತು.

ಸೌಭಾಗ್ಯ ಎಂದು ಹೆಸರು, ಬಬಲೇಶ್ವರ ಊರು, ವಯಸ್ಸು ಹದಿನಾರು. ಪಂಚಮಿಯಿಂದ ದಿನಾ ಮಾತು. ರಂಗೋಲಿ ಕಳಿಸುತ್ತಾಳೆ, ಹಾಡು ಕಳಿಸುತ್ತಾಳೆ, ತಂಗಿ ಎನ್ನುತ್ತಾಳೆ. ವಿಜಯಲಕ್ಷ್ಮೀ ತಾನು ಜೋಕಾಲಿ ಆಡುತ್ತಿದ್ದ ಒಂದು ಫೋಟೋ ಕಳಿಸಿದ್ದಾಳೆ. ಈಗ ಸೌಭಾಗ್ಯ ಹೇಳುವುದು: ಭಾನುವಾರ ಒಬ್ಬಳೇ ಗೋಳಗುಮ್ಮಟಕ್ಕೆ ಬಾ, ಸ್ಟ್ಯಾಂಡಿನಿಂದ ನಮ್ಮಣ್ಣ ಬೈಕಿನ ಮೇಲೆ ಕರೆತರುತ್ತಾನೆ. ಒಲ್ಲೆ ಎಂದಿದ್ದಕ್ಕೆ, ಆ ಫೋಟೋದ ಮುಖ ಕತ್ತರಿಸಿ ಕೆಟ್ಟ ಫೋಟೋಕ್ಕೆ ಅಂಟಿಸಿ ಊರಿಗೆಲ್ಲ ಕಳಿಸುತ್ತೇನೆ ಎಂದಿದ್ದಾಳೆ.

ಸೋಮವಾರದ ಪಾಠ ಕೇಳಿದ ಸಂಜೆ ಇವಳು ಇಂಗ್ಲಿಷ್ ಅಕ್ಷರದಲ್ಲಿ 'ಯಾರ ಪೈಕಿ' ಎಂದು ಬರೆದಳು. ಆ ಕಡೆಯವರು 'ಪೈಕಿ'ಯನ್ನು ಬೈಕು ಎಂದು ಓದಿಕೊಂಡರು.

"ಬಬಲೇಶ್ವರದಾಗ ಇದ್ದು ಯಾರ ಪೈಕಿ ಗೊತ್ತಿಲ್ಲಂದ್ರ, ಆಕಿ ಬಬಲೇಶ್ವರದಾಕಿ ಅಲ್ಲರಿ," ಎಂದಳು ವಿಜಯಲಕ್ಷ್ಮೀ. ಆಮೇಲೆ, "ಆಕಿ ಆಕೀನೂ ಅಲ್ಲ ಕಾಣ್ತೈತ್ರಿ."

ನಳ ಹಾಗೇ ಹರಿಯುತ್ತಿತ್ತು. ಅವಳೇ ತಿರುಗಿಸಿ ನಿಲ್ಲಿಸಿದಳು.

"ಯಾರಿಗೂ ಹೇಳಬ್ಯಾಡ್ರಿ ಮೇಡಂ. ಅಪ್ಪಗ ತಿಳೀತಂದ್ರ ನಾಳಿಂದ ಸಾಲಿ ಬಂದ್. ನಮ್ಮ ಓಣ್ಯಾಗ ಇಬ್ಬರ್ನ ಹಂಗ ಬಿಡಿಸ್ಯಾರ."

ಆಯಿತು ಎನ್ನುವುದು ನನಗೆ ಬಹಳ ಸುಲಭ. ಸುಮ್ಮನಿರುವುದರಲ್ಲಿ ನಾನು ಪಳಗಿದವಳು. ಆದರೆ ಬೋರ್ಡಿನ ಮೇಲಿನ ಅಕ್ಷರ ನೆನಪಾಯಿತು.

"ಯಾರಿಗೂ ಹೇಳಬ್ಯಾಡ ಅಂತ ಆ ಸೌಭಾಗ್ಯನೂ ಅಂದಾಳಲ್ಲ?"

ತಲೆ ಆಡಿಸಿದಳು.

"ಹಂಗಾರ ಆ ಮಾತು ನಾ ಕೊಡೂದಿಲ್ಲ. ಯಾರಿಗೆ ಹೇಳೂಣು ಅನ್ನೂದನ್ನ ನೀ ಹೇಳು. ಅವ್ವಗ?"

"ಅವ್ವ ಅಪ್ಪನ ಮುಂದ ಬಾಯಿ ಬಿಡೂದಿಲ್ಲರಿ." ಯೋಚಿಸಿದಳು. "ಆಯಿಗಿ ಹೇಳೂಣ್ರಿ. ಫೋನೂ ಆಯಿದ ಐತಿ."

ಸಂಜೆಯೇ ಮೇಡಂ ಸ್ಕೂಟಿಯಲ್ಲಿ ಕಳ್ಳಕವಟಗಿಗೆ ಹೋದೆವು. ಅಪ್ಪ ಈರಯ್ಯ, ಅವ್ವ ಇಬ್ಬರೂ ದ್ರಾಕ್ಷಿ ತೋಟದಲ್ಲಿದ್ದರು. ಅಪ್ಪನ ತಾಯಿ, ಆಯಿ ರೇಣುಕವ್ವ, ರೊಟ್ಟಿ ಬಡಿಯುತ್ತಿದ್ದಳು. ವಿಜಯಲಕ್ಷ್ಮೀ ಬಾಗಿಲಲ್ಲೇ ನಿಂತುಬಿಟ್ಟಳು, ಹೀಗಾಗಿ ಹೇಳುವ ಕೆಲಸ ನನಗೆ ಬಂತು. ಹೇಳಿದೆ. ಆಯಿಯ ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಸೀದಿತು.

"ನಾಕ್ ತಿಂಗಳಿಂದ ಹೆಣ್ಣಾಗಿ ನನ್ನ ಫೋನಿನ್ಯಾಗ ಬಂದು ಕುಂತಿದ್ನೇನ ಆ ಭಾಡ್ಯಾ!" ಮೊಮ್ಮಗಳ ಕಡೆ ತಿರುಗಿದಳು. ಹುಡುಗಿ ಬೈಗುಳಕ್ಕೆ ಕುಗ್ಗಿ ನಿಂತಿದ್ದಳು. "ಹುಚ್ಚಿ, ಬಬಲೇಶ್ವರ ನನ್ನ ತವರುಮನಿ. ಅಂಥಾ ಸೌಭಾಗ್ಯ ಅಲ್ಲಿ ಯಾರ ಮನ್ಯಾಗ ಅದಾಳು? ನನ್ನ ಒಂದ್ ಮಾತ ಕೇಳಬಾರದಾ?"

"ಬೈತಿ ಅಂತ ಕೇಳ್ಲಿಲ್ಲ ಬೇ."

"ಬೈತಿದ್ದೆ. ಬೈದು ಹೇಳ್ತಿದ್ದೆ."

ಮೇಡಂ ಅಂಗಳದಿಂದಲೇ ೧೦೯೮ಕ್ಕೆ ಫೋನು ಹಚ್ಚಿದರು. ಆ ಕಡೆಯವರಿಗೆ ಗಾಳಿ ಬಿಟ್ಟು ಏನೂ ಕೇಳಲಿಲ್ಲ. ಫೋನು ನನ್ನ ಕೈಗೆ ಬಂತು. ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಜ್ವರ ಬರುತ್ತದೆ. ಇಂದು ಬರಲಿಲ್ಲ, ಪುರುಸೊತ್ತಿರಲಿಲ್ಲ.

ಹೊರಡುವಾಗ ಆಯಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ತಿಂದೆವು. ಅವಳು ನನ್ನನ್ನು ಯಾರ ಪೈಕಿ ಎಂದು ಕೇಳಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ನವೆಂಬರ್ ೨೭, ಗುರುವಾರ

ಪೊಲೀಸ್ ಮೇಡಂ ಒಬ್ಬರು ಸಾದಾ ಸೀರೆಯಲ್ಲಿ ಕಳ್ಳಕವಟಗಿಗೆ ಬಂದಿದ್ದರು. ಏನನ್ನೂ ಅಳಿಸಬೇಡ, ಉತ್ತರ ಕೊಡಬೇಡ, ಭಾನುವಾರ ಮನೆ ಬಿಟ್ಟು ಕದಲಬೇಡ, ಉಳಿದದ್ದು ನಮಗೆ ಬಿಡು ಎಂದರು. ಎಲ್ಲವನ್ನೂ ತಮ್ಮ ಫೋನಿನಲ್ಲಿ ಹಿಡಿದುಕೊಂಡರು. ತಪ್ಪು ನಿನ್ನದಲ್ಲ ಎಂದು ವಿಜಯಲಕ್ಷ್ಮೀಗೆ ಹೇಳಿದರು. ಅವಳು ಅತ್ತದ್ದು ಆವಾಗಲೇ ಎಂದು ಜೊತೆಗಿದ್ದ ಆಶಾಬಿ ಮೇಡಂ ಉಸುರಿದರು.

ರೇಣುಕವ್ವ ಮಾತ್ರ ಪೊಲೀಸ್ ಮೇಡಂ ಯಾರ ಪೈಕಿ ಎಂದು ತಿಳಿದುಕೊಳ್ಳುವ ತನಕ ಫೋನು ಕೈಗೆ ಕೊಡಲಿಲ್ಲವಂತೆ.

ನವೆಂಬರ್ ೩೦, ಭಾನುವಾರ

ಸಿಕ್ಕ. ಸ್ಟ್ಯಾಂಡಿನ ಎದುರು ಕಪ್ಪು ಬೈಕಿನ ಮೇಲೆ ಕೂತಿದ್ದನಂತೆ. ಮೂವತ್ತು ದಾಟಿದ ಗಂಡಸು. ಅಣ್ಣನೂ ಇಲ್ಲ, ಸೌಭಾಗ್ಯನೂ ಇಲ್ಲ, ಎಲ್ಲ ಅವನೊಬ್ಬನೇ. ಅವನ ಫೋನಿನಲ್ಲಿ ಇನ್ನೂ ಬೇರೆ ಬೇರೆ ಊರಿನ ಹೆಣ್ಣು ಹೆಸರುಗಳಿದ್ದವಂತೆ. ಆ ಹೆಸರುಗಳನ್ನು ನಂಬಿ ಕೂತಿದ್ದ ಹುಡುಗಿಯರನ್ನು ನೆನೆದು ಊಟ ಸೇರಲಿಲ್ಲ.

ಈರಯ್ಯನಿಗೆ ಇಂದು ಎಲ್ಲ ತಿಳಿಯಿತು.

ಡಿಸೆಂಬರ್ ೧, ಸೋಮವಾರ

ಹೆಡ್‌ಮಾಸ್ತರ ಗುರುಪಾದಯ್ಯನವರ ಕೋಣೆ. ಈರಯ್ಯ ಕುರ್ಚಿಯ ತುದಿಗೆ ಕೂತಿದ್ದ. ಕೂಗಾಡುವ ಮನುಷ್ಯನಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಗುತ್ತಿತ್ತು. ವಿಜಯಲಕ್ಷ್ಮೀ ಗೋಡೆಗೆ ಒರಗಿ ನಿಂತಿದ್ದಳು.

"ಟೀಸಿ ಕೊಟ್ಟುಬಿಡ್ರಿ ಸರ್. ಊರಾಗ ಮಾತಾಗೂಕಿಂತ ಮೊದಲ ಮನ್ಯಾಗ ಕುಂದ್ರಸ್ತೀನಿ."

"ಮಾರ್ಚಿನ್ಯಾಗ ಪರೀಕ್ಷಾ ಐತಿ ಈರಯ್ಯ. ಹುಡುಗಿ ಶಾಣ್ಯಾ ಅದಾಳ."

"ಶಾಣ್ಯಾ ಇದ್ರ ಇಂಥಾದ್ದು ಆಕ್ಕಿತ್ತೇನ್ರಿ?"

ಆಶಾಬಿ ಮೇಡಂ ಬಾಯಿ ತೆರೆದರು. ಗಾಳಿ. ಒಂದು ದನಿ ಮಾತ್ರ ಕೇಳಿತು, ಯಾರದೆಂದು ನಾನೂ ತಿರುಗಿ ನೋಡುವಷ್ಟರಲ್ಲಿ ನನ್ನದೇ ಎಂದು ತಿಳಿಯಿತು.

"ಶಾಣ್ಯಾ ಇರೂದಕ್ಕ ಗುರ್ತು ಹಿಡಿದ್ಲರಿ. ಪೊಲೀಸರಿಗಿಂತ ಮೊದಲ ಹಿಡಿದಾಳ. ಹಿಡಿದು, ಬಂದು ಹೇಳ್ಯಾಳ. ಹೇಳಿದ್ದಕ್ಕ ನೀವು ಸಾಲಿ ಬಿಡಿಸಿದ್ರ, ಹೊರಗ ಕುಂತ ಇಷ್ಟು ಹುಡುಗ್ಯಾರು ಏನ್ ಕಲೀತಾರ? ಏನರ ಆದ್ರ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕಲೀತಾರ. ಮುಂದಿನ ಸಲ ಯಾರೂ ನಳದ ಹತ್ರ ಬರೂದಿಲ್ಲ. ಒಬ್ಬಾಕಿ ಸೀದಾ ಹೋಗಿ ಆ ಬೈಕ್ ಹತ್ತತಾಳ."

ಈರಯ್ಯ ಮೊದಲ ಬಾರಿಗೆ ನನ್ನ ಮುಖ ನೋಡಿದ.

"ನೀವ್ಯಾರ್ರಿ ನಮ್ಮ ಮನಿ ಮಾತು ಹೇಳಾಕ? ಯಾರ ಪೈಕಿ ನೀವು?"

ಹೆಡ್‌ಮಾಸ್ತರರು ಮೇಜಿನ ಮೇಲಿನ ಕಾಗದ ಸರಿಪಡಿಸತೊಡಗಿದರು. ಮೂರೂ ಮೆಟ್ಟಿಲು ನನ್ನೆದುರು ಇದ್ದವು. ಕಣ್ಣು ಮುಚ್ಚಲು ಅದು ಬಸ್ಸಲ್ಲ.

"ಇಬ್ರಾಹಿಂಪುರದಾಕಿ. ರೈಲ್ವೆ ಗೇಟಿನ ಮರೆಪ್ಪನ ಮಗಳು, ಸಂಘಮಿತ್ರಾ. ಬೌದ್ಧರ ಪೈಕಿ. ಆದರ ಇವತ್ತ ಈ ಖೋಲ್ಯಾಗ ನಾ ವಿಜಯಲಕ್ಷ್ಮೀ ಪೈಕ್ರಿ."

"ನಾನೂ ಆಕಿ ಪೈಕಿನ," ಎಂದಿತು ಬಾಗಿಲಿನಿಂದ ಇನ್ನೊಂದು ದನಿ. ರೇಣುಕವ್ವ. ಬಸ್ಸಿಳಿದು ನೇರ ಬಂದಿದ್ದಳು, ಕಾಲೆಲ್ಲ ಧೂಳು. "ಫೋನ್ ನಂದು, ಆ ಭಾಡ್ಯಾ ಕುಂತಿದ್ದೂ ನನ್ನ ಫೋನಿನ್ಯಾಗ. ಸಾಲಿ ಬಿಡಸೂದಾದ್ರ ಮೊದಲ ನನ್ನ ಬಿಡಸು."

"ನೀ ಯಾ ಸಾಲಿಗಿ ಹೊಂಟೀದಿ ಬೇ ಯವ್ವಾ?" ಎಂದ ಈರಯ್ಯ.

ಹೊರಗೆ ಜವಾನ ಕಿಸಕ್ಕನೆ ನಕ್ಕ. ಹೆಡ್‌ಮಾಸ್ತರರು ಕೆಮ್ಮಿದರು. ಈರಯ್ಯ ಒಪ್ಪಲೂ ಇಲ್ಲ, ನಗಲೂ ಇಲ್ಲ. ಎದ್ದು ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಹೋದ. ಟೀಸಿ ಕೇಳುವುದನ್ನು ಮರೆತಿದ್ದ, ಅಥವಾ ಬಿಟ್ಟಿದ್ದ.

ಬರೆದದ್ದು ಇಷ್ಟುದ್ದ. ಇಂದು ನಾನು ಆಡಿದ್ದು ಎರಡೇ ಮಾತು.

ಡಿಸೆಂಬರ್ ೩, ಬುಧವಾರ

ಎರಡನೇ ಬೆಂಚಿನ ತುದಿ ಖಾಲಿ.

ಡಿಸೆಂಬರ್ ೫, ಶುಕ್ರವಾರ

ನಮ್ಮ ಪಾಳಿ ಇರಲಿಲ್ಲ. ಶಾಲೆಗೆ ಫೋನು ಮಾಡಿ ಕೇಳಿದೆ. ಬಂದಿಲ್ಲ ಎಂದರು. ಎರಡು ಸಲ ಕೇಳಿದ್ದಕ್ಕೆ, "ಇಲ್ಲ ಅಂದ್ರ ಇಲ್ಲರಿ" ಎಂದರು. ರಾತ್ರಿ ಊಟಕ್ಕೆ ಕೂತಾಗ ಅವ್ವ, "ಯಾಕ ಇಷ್ಟು ಸುಮ್ಮ ಕುಂತೀದಿ?" ಎಂದಳು. ನಾನು ಯಾವಾಗಲೂ ಸುಮ್ಮನೆ ಕೂರುವವಳಲ್ಲವೇ? ಅವ್ವನಿಗೆ ಏನೋ ಆಗಿದೆ.

ಡಿಸೆಂಬರ್ ೮, ಸೋಮವಾರ

ಬಂದಳು!

ಈರಯ್ಯನೇ ಬೈಕಿನ ಮೇಲೆ ತಂದು ಗೇಟಿನ ಹತ್ತಿರ ಇಳಿಸಿದ. ಅವಳು ಒಳಗೆ ಹೋಗುತ್ತ ನನ್ನನ್ನು ನೋಡಿ ನಕ್ಕಳು. ನೆಲ ನೋಡಲಿಲ್ಲ. ಈರಯ್ಯ ಬೈಕು ನಿಲ್ಲಿಸಿಯೇ ನಿಂತಿದ್ದ. ಬೈಯಲು ಎಂದುಕೊಂಡೆ. ಕಿಸೆಯಿಂದ ರೇಣುಕವ್ವನ ಫೋನು ತೆಗೆದ.

"ಇದಕ್ಕ ಕೀಲಿ ಹಾಕೂದು ಹೆಂಗರಿ? ಹುಡುಗಿಗಿ ಬ್ಯಾಡ ಅನ್ನೂದಿಲ್ಲ. ಹೊಸಬರು ಒಳಗ ಬರಬಾರದು ಅಷ್ಟ."

ತೋರಿಸಿಕೊಟ್ಟೆ. ಆಮೇಲೂ ನಿಂತೇ ಇದ್ದ. ಇನ್ನೊಂದು ಕಿಸೆಯಿಂದ ತನ್ನ ಫೋನು ತೆಗೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಇಲ್ಲಿ ಒಬ್ಬಾ... ಒಬ್ರು ದಿನಾ ಗುಲಾಬಿ ಹೂವ ಹಾಕಿ ಗುಡ್ ಮಾರ್ನಿಂಗ್ ಕಳಸ್ತಾರ್ರಿ. ಪ್ರಿಯಾ ಅಂತ. ಯಾರ ಪೈಕಿ ಅಂತ ಕೇಳಬೇಕೇನ್ರಿ?"

"ಕೇಳ್ರಿ," ಎಂದೆ. "ಅದಕ್ಕೂ ಮೊದಲ ನಿಮ್ಮ ಅವ್ವಗ ತೋರಸ್ರಿ."

ಅವನು ಬೈಕು ಚಾಲೂ ಮಾಡಿದ ವೇಗ ನೋಡಬೇಕಿತ್ತು.

ಡಿಸೆಂಬರ್ ೧೫, ಸೋಮವಾರ

ಇಂದಿನಿಂದ ಬಬಲೇಶ್ವರ. ಆಶಾಬಿ ಮೇಡಂ ಗಂಟಲು ಪೂರ್ತಿ ಸರಿಯಾಗಿದೆ ಎಂದುಕೊಂಡಿದ್ದೆ. ದಾರಿಯಲ್ಲಿ ಒಬ್ಬ ಟ್ರ್ಯಾಕ್ಟರಿನವನಿಗೆ ಅವರು ಬೈದದ್ದು ಅರ್ಧ ಊರಿಗೆ ಕೇಳಿತು. ಆದರೆ ಶಾಲೆ ಬಂದೊಡನೆ ಕತ್ತು ಹಿಡಿದುಕೊಂಡು, "ಇನ್ನೂ ನೋಯಾಕತ್ತೈತಿ ಬೇಟಿ, ನೀನ ಮಾತಾಡು" ಎಂದು ಗುಂಡಿಯ ಪಕ್ಕ ಕೂತುಬಿಟ್ಟರು. ಪಾಪ. ಅರಿಶಿನ ಹಾಕಿದ ಹಾಲು ಕುಡಿಯಿರಿ ಎಂದು ಹೇಳಿದ್ದೇನೆ. ಬೇರೆ ದಾರಿಯಿಲ್ಲದೆ ನಾನೇ ಮಾತಾಡಬೇಕಾಯಿತು.

ಮೇಡಂ ಬಬಲೇಶ್ವರದಲ್ಲೇ ನೆಂಟರ ಮನೆಗೆ ಹೋದರು, ನಾನು ಬಸ್ಸು ಹಿಡಿದೆ. ಪಕ್ಕಕ್ಕೊಬ್ಬ ಅಜ್ಜಿ, ಕಾಲ ಬಳಿ ಪೇರಲದ ಬುಟ್ಟಿ. ಟಿಕೆಟು ತೆಗೆಸಿದ ಮೇಲೆ ನನ್ನ ಕಡೆ ಹೊರಳಿದಳು.

"ಯಾರ ಪೈಕಿ ಬೇ ನೀ?"

ಹೇಳಿದೆ. ಗೇಟು, ಮರೆಪ್ಪ, ಬೌದ್ಧರ ಓಣಿ, ಅವ್ವನ ತವರು, ಎಲ್ಲ. ಅವಳ ಮುಖ ಬದಲಾಯಿತೋ ಇಲ್ಲವೋ ನೋಡಲಾಗಲಿಲ್ಲ. ಅಷ್ಟರಲ್ಲಿ ನಾನೇ ಕೇಳುತ್ತಿದ್ದೆ.

"ನೀವ್ಯಾರ ಪೈಕ್ರಿ?"

ಅಜ್ಜಿಯ ಕಥೆ ಉದ್ದವಿತ್ತು. ಮೂರು ಊರು, ಇಬ್ಬರು ಸೊಸೆಯಂದಿರು, ಒಂದು ಕೋರ್ಟು ಕೇಸು. ನನ್ನ ಸ್ಟಾಪು ಯಾವಾಗಲೋ ದಾಟಿಹೋಗಿತ್ತು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ಬಂದು, "ಏಳ್ರಿ ಇಬ್ರೂ, ಬಸ್ ಇಲ್ಲೇ ಮಲಗ್ತೈತಿ" ಎಂದ. ಕೈಯಲ್ಲಿ ಎರಡು ಪೇರಲ ಹಿಡಿದುಕೊಂಡು ಹಿಂದಕ್ಕೆ ನಡೆದು ಬಂದೆ.

ಯಾಕೋ ಇವತ್ತು ಬಸ್ಸಿನಲ್ಲಿ ನಿದ್ದೆಯೇ ಬರಲಿಲ್ಲ.